ಫಾಸ್ಫೋ-ಪಿಂಕ್-1 ಪ್ರತಿಕಾಯವನ್ನು ಪರೀಕ್ಷಿಸಿಕೊಂಡ ಬಗೆ: ಹಾಸನದ ಪ್ರಯೋಗಾಲಯದಿಂದ ನನ್ನ ಅನುಭವ

ಪಿಂಕ್-1 ಎಂಬ ಕೈನೇಸ್ (ಪ್ರೋಟೀನುಗಳಿಗೆ ಫಾಸ್ಫೇಟ್ ಕೂಡಿಸುವ ಕಿಣ್ವ) ಆರೋಗ್ಯವಾಗಿರುವ ಜೀವಕೋಶದಲ್ಲಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಅದು ತಯಾರಾದ ಕೂಡಲೇ ಮೈಟೋಕಾಂಡ್ರಿಯದೊಳಕ್ಕೆ ಹೋಗುತ್ತದೆ. ಅಲ್ಲಿ ಒಳಪೊರೆಯಲ್ಲಿರುವ ಪಾರ್ಲ್ ಎಂಬ ಪ್ರೋಟಿಯೇಸ್ ಅದನ್ನು 103ನೆಯ ಅಮೈನೋ ಆಮ್ಲದ ಬಳಿ ಕತ್ತರಿಸುತ್ತದೆ ಮತ್ತು ಉಳಿದ ತುಂಡು ಬೇಡದ ಪ್ರೋಟೀನುಗಳನ್ನು ಒಡೆಯುವ ಪ್ರೋಟಿಯಸೋಮಿನ ಪಾಲಾಗುತ್ತದೆ. ಒಳಪೊರೆಯ ವಿದ್ಯುತ್ ವಿಭವ ಕುಸಿದಾಗ ಮಾತ್ರ ಈ ಒಳಹೋಗುವಿಕೆ ನಿಂತು, ಸುಮಾರು 63 ಕಿಲೋಡಾಲ್ಟನ್ ತೂಕದ ಪೂರ್ಣ ಪ್ರೋಟೀನು ಹೊರಪೊರೆಯ ಮೇಲೆ ಶೇಖರವಾಗಿ, ತನ್ನ ಸೀರೀನ್ 228ರ (228ನೆಯ ಸ್ಥಾನದ ಸೀರೀನ್ ಎಂಬ ಅಮೈನೋ ಆಮ್ಲದ) ಮೇಲೆ ತಾನೇ ಫಾಸ್ಫೇಟ್ ಕೂಡಿಸಿಕೊಳ್ಳುತ್ತದೆ. ಈ ಜೀನಿನ ದೋಷದಿಂದ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರಬಹುದೆಂದು 2004ರಲ್ಲಿ ಗೊತ್ತಾದದ್ದರಿಂದ, ಆ ಫಾಸ್ಫೇಟನ್ನು ಗುರುತಿಸುವ ಪ್ರತಿಕಾಯಕ್ಕೆ (ನಿರ್ದಿಷ್ಟ ಗುರಿಗೆ ಅಂಟುವ ಪ್ರೋಟೀನಿಗೆ) ಇಷ್ಟು ಬೇಡಿಕೆ ಇದೆ.

ಹಾಸನದ ನಮ್ಮ ಸಣ್ಣ ಪ್ರಯೋಗಾಲಯಕ್ಕೆ ಮೊಲದಲ್ಲಿ ತಯಾರಿಸಿದ ಅಂಥದೊಂದು ಪಾಲಿಕ್ಲೋನಲ್ (ಹಲವು ಬಗೆಯ ಪ್ರತಿಕಾಯಗಳ ಮಿಶ್ರಣವಾದ) ಪ್ರತಿಕಾಯ ಬಂದಾಗ, ಅದರ ಜೊತೆಗಿದ್ದ ಮಾಹಿತಿ ಪತ್ರದಲ್ಲಿ ಒಂದೇ ಒಂದು ಬ್ಲಾಟಿನ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ತೂಕದಂತೆ ಬೇರ್ಪಡಿಸಿ, ಒಂದು ಪೊರೆಗೆ ವರ್ಗಾಯಿಸಿ, ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆಯ) ಚಿತ್ರವಿತ್ತು. ಆ ಚಿತ್ರವನ್ನು ನಾನು ಸಾಕ್ಷಿಯೆಂದು ಒಪ್ಪಲಿಲ್ಲ. ಪ್ರತಿಕಾಯ ತನ್ನ ಗುರಿಯನ್ನೇ ಹಿಡಿಯುತ್ತಿದೆ ಎಂಬುದನ್ನು ಅದನ್ನು ಬಳಸುವವರೇ ತಮ್ಮ ಜೀವಕೋಶಗಳಲ್ಲಿ, ತಮ್ಮ ಬಫರುಗಳಲ್ಲಿ ತೋರಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಿದ ಹೀಲಾ ಎಂಬ ಮಾನವ ಕೋಶಗಳಿಗೆ, ಒಳಪೊರೆಯ ವಿಭವವನ್ನು ಕುಸಿಯುವಂತೆ ಮಾಡುವ ಸಿಸಿಸಿಪಿ ಎಂಬ ರಾಸಾಯನಿಕವನ್ನು 10 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಕೊಟ್ಟು ಕೆಲವು ಗಂಟೆ ಬಿಟ್ಟು, ಡಿಶ್ಶನ್ನು ಮಂಜುಗಡ್ಡೆಯ ಮೇಲಿಟ್ಟೇ ಕೋಶಗಳನ್ನು ಕೆರೆದು ತೆಗೆಯುತ್ತಿದ್ದೆ. ಕೋಶ ಒಡೆದ ಕ್ಷಣದಿಂದಲೇ ಅದರೊಳಗಿನ ಫಾಸ್ಫಟೇಸುಗಳು (ಫಾಸ್ಫೇಟ್ ತೆಗೆದುಹಾಕುವ ಕಿಣ್ವಗಳು) ನಾವು ಹುಡುಕುತ್ತಿರುವ ಗುರುತನ್ನು ಅಳಿಸತೊಡಗುತ್ತವೆ. ಆದ್ದರಿಂದ ಅವುಗಳನ್ನು ತಡೆಯುವ ಸೋಡಿಯಂ ಫ್ಲೋರೈಡ್, ಆರ್ಥೋವನಡೇಟ್ ಮತ್ತು ಬೀಟಾ-ಗ್ಲಿಸರೋಫಾಸ್ಫೇಟುಗಳನ್ನು ಕೋಶ ಒಡೆಯುವ ಲೈಸಿಸ್ ಬಫರಿಗೆ ಮೊದಲೇ ಸೇರಿಸಿರಬೇಕು. ಬ್ಲಾಟಿನ ಪೊರೆಯನ್ನು ಬ್ಲಾಕ್ ಮಾಡಲು (ಪ್ರತಿಕಾಯ ಎಲ್ಲೆಂದರಲ್ಲಿ ಅಂಟದಂತೆ ಮುಚ್ಚಲು) ಹಾಲಿನ ಪುಡಿಯ ಬದಲು ಹಸುವಿನ ರಕ್ತದ ಪ್ರೋಟೀನಾದ ಬಿಎಸ್‌ಎ ಬಳಸಿದೆ. ಹಾಲಿನ ಕೇಸೀನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನ್ ಆಗಿರುವುದರಿಂದ ಫಾಸ್ಫೋ-ಪ್ರತಿಕಾಯದ ಕೆಲಸದಲ್ಲಿ ಅದು ಹಿನ್ನೆಲೆಯನ್ನು ಕಪ್ಪಾಗಿಸಬಹುದು. ತೊಳೆಯುವುದಕ್ಕೂ ಫಾಸ್ಫೇಟ್ ಬಫರನ್ನು ಬಿಟ್ಟು ಟ್ರಿಸ್ ಬಫರನ್ನೇ ಇಟ್ಟುಕೊಂಡೆ.

ನಿಜವಾದ ತೊಡಕು ಬ್ಯಾಂಡ್ (ಬ್ಲಾಟಿನ ಮೇಲಿನ ಕಪ್ಪು ಪಟ್ಟಿ) ಸಿಕ್ಕಿದ ಮೇಲೆ ಎದುರಾಗುತ್ತದೆ. ಸಿಸಿಸಿಪಿ ಕೊಟ್ಟ ಕೋಶಗಳ ಲೇನಿನಲ್ಲಿ (ಜೆಲ್ಲಿನ ಸಾಲಿನಲ್ಲಿ) 63 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್ ಬಂದು, ಕೊಡದ ಲೇನಿನಲ್ಲಿ ಬಾರದಿದ್ದರೆ ಎಲ್ಲವೂ ಸರಿಯಾಗಿದೆ ಎಂದು ಅನ್ನಿಸುವುದು ಸಹಜ. ಆದರೆ ಪಿಂಕ್-1ರ ವಿಷಯದಲ್ಲಿ ಸಿಸಿಸಿಪಿ ಫಾಸ್ಫೇಟನ್ನಷ್ಟೇ ಅಲ್ಲ, ಪ್ರೋಟೀನಿನ ಪ್ರಮಾಣವನ್ನೇ ಹೆಚ್ಚಿಸುತ್ತದೆ. ಫಾಸ್ಫೇಟ್ ಇದ್ದರೂ ಇಲ್ಲದಿದ್ದರೂ ಪಿಂಕ್-1ನ್ನು ಹಿಡಿಯುವ ಸಾಧಾರಣ ಪ್ರತಿಕಾಯವೂ ಇದೇ ಚಿತ್ರವನ್ನೇ ಕೊಡುತ್ತದೆ. ಹಾಗಾಗಿ ಇತರ ಕೈನೇಸುಗಳಿಗೆ ಸಾಕಾಗುವ 'ಉತ್ತೇಜಿತ-ಅನುತ್ತೇಜಿತ' ಹೋಲಿಕೆ ಇಲ್ಲಿ ಫಾಸ್ಫೇಟಿನ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ. ಈ ಮಾತನ್ನು ನಾನು ನಮ್ಮ ವಿದ್ಯಾರ್ಥಿಗಳಿಗೆ ಬೇರೆಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುತ್ತೇನೆ.

ಇದನ್ನು ಬಿಡಿಸಲು ನಾನು ನೆಚ್ಚಿದ್ದು ಲ್ಯಾಮ್ಡಾ ಫಾಸ್ಫಟೇಸನ್ನು. ಸಿಸಿಸಿಪಿ ಕೊಟ್ಟ ಕೋಶಗಳನ್ನು ಒಡೆದು ಪಡೆದ ಒಂದೇ ಸಾರವನ್ನು ಎರಡು ಪಾಲು ಮಾಡಿ, ಒಂದಕ್ಕೆ ಮ್ಯಾಂಗನೀಸ್ ಸಹಿತ ಈ ಕಿಣ್ವವನ್ನು ಸೇರಿಸಿ 30 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟೆ. ಇನ್ನೊಂದನ್ನು ಕಿಣ್ವವಿಲ್ಲದೆ ಅಷ್ಟೇ ಹೊತ್ತು ಅದೇ ಶಾಖದಲ್ಲಿಟ್ಟೆ. ಈ ಪರೀಕ್ಷೆಗೆ ಮೀಸಲಾದ ಸಾರದಲ್ಲಿ ಮಾತ್ರ ಫ್ಲೋರೈಡ್, ವನಡೇಟ್, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಯಾವುದೂ ಇರಬಾರದು, ಇದ್ದರೆ ಸೇರಿಸಿದ ಕಿಣ್ವವೇ ಕೆಲಸ ಮಾಡುವುದಿಲ್ಲ. ಕಿಣ್ವ ಸೇರಿದ ಲೇನಿನಲ್ಲಿ ಫಾಸ್ಫೋ ಬ್ಯಾಂಡ್ ಮಾಯವಾಗಿ, ಸಾಧಾರಣ ಪ್ರತಿಕಾಯ ತೋರುವ ಒಟ್ಟು ಪಿಂಕ್-1ರ ಬ್ಯಾಂಡ್ ಹಾಗೆಯೇ ಉಳಿದುದನ್ನು ಕಂಡಾಗ ಮೊದಲ ಬಾರಿಗೆ ಆ ಪ್ರತಿಕಾಯದ ಮೇಲೆ ನನಗೆ ಭರವಸೆ ಮೂಡಿತು. 50ರ ಆಸುಪಾಸಿನಲ್ಲಿದ್ದ ಇನ್ನೊಂದು ಬ್ಯಾಂಡ್ ಮಾತ್ರ ಎರಡೂ ಲೇನುಗಳಲ್ಲಿ ಕದಲದೆ ನಿಂತಿತ್ತು. ಅದನ್ನು ಕತ್ತರಿಸಿದ ಪಿಂಕ್-1 ಎಂದು ಕರೆಯುವ ಆಸೆ ಯಾರಿಗಾದರೂ ಬರಬಹುದು, ಏಕೆಂದರೆ ಆ ತುಂಡಿನ ತೂಕ ಸುಮಾರು 52 ಕಿಲೋಡಾಲ್ಟನ್. ಆದರೆ ಪಿಂಕ್-1 ಜೀನನ್ನೇ ತೆಗೆದುಹಾಕಿದ ಕೋಶಗಳ ಸಾರದಲ್ಲಿಯೂ ಅದು ಅಷ್ಟೇ ಗಾಢವಾಗಿ ಬಂದುದರಿಂದ, ಅದು ಬೇರಾವುದೋ ಪ್ರೋಟೀನೆಂದು ಖಚಿತವಾಯಿತು.

ಪಿಂಕ್-1 ಕ್ರಿಯಾಶೀಲವಾಗಿದೆಯೇ ಎಂಬುದಕ್ಕೆ ಇನ್ನೊಂದು ದಾರಿಯ ಸಾಕ್ಷ್ಯವೂ ಬೇಕು. ಈ ಕೈನೇಸ್ ಇನ್ನೊಂದು ಸಣ್ಣ ಪ್ರೋಟೀನಾದ ಯುಬಿಕ್ವಿಟಿನ್‌ನ ಸೀರೀನ್ 65ಕ್ಕೆ ಫಾಸ್ಫೇಟ್ ಹಚ್ಚುತ್ತದೆಂದು 2014ರಲ್ಲಿ ತಿಳಿದುಬಂದಿದ್ದು, ಆ ಗುರುತಿಗೂ ಪ್ರತಿಕಾಯಗಳಿವೆ. ಹೀಲಾ ಕೋಶಗಳಲ್ಲಿ ಯುಬಿಕ್ವಿಟಿನ್ ಸರಪಳಿ ಕಟ್ಟುವ ಪಾರ್ಕಿನ್ ಎಂಬ ಕಿಣ್ವ ಇಲ್ಲದಿರುವುದರಿಂದ ಈ ಸಂಕೇತ ಮಂಕಾಗಿರುತ್ತದೆ, ಪಾರ್ಕಿನ್ ಸೇರಿಸಿದ ಹೀಲಾದಲ್ಲಿ ಚೆನ್ನಾಗಿ ಕಾಣುತ್ತದೆ.

ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದು ಮಾಮೂಲಾದ್ದರಿಂದ ದಾಸ್ತಾನಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರತಿಕಾಯವು ಅರ್ಧದಷ್ಟು ಗ್ಲಿಸರಾಲಿನಲ್ಲಿದ್ದರೆ ಮೈನಸ್ 20ರಲ್ಲಿಯೂ ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಹೆಪ್ಪುಗಟ್ಟಿ ಕರಗುವ ಪೆಟ್ಟು ಅದಕ್ಕೆ ತಗಲುವುದಿಲ್ಲ. ಹೆಚ್ಚು ಅಪಾಯವಿರುವುದು ಕೋಶಗಳ ಸಾರಕ್ಕೆ. ಹಾಗಾಗಿ ಸಾರವನ್ನು ಹಾಗೆಯೇ ಫ್ರೀಜರಿಗೆ ಹಾಕದೆ, ತೆಗೆದ ದಿನವೇ ಎಸ್‌ಡಿಎಸ್ ಸ್ಯಾಂಪಲ್ ಬಫರಿನಲ್ಲಿ ಬಿಸಿಮಾಡಿ ಫಾಸ್ಫಟೇಸುಗಳನ್ನು ನಿಷ್ಕ್ರಿಯಗೊಳಿಸಿ, ಸಣ್ಣ ಸಣ್ಣ ಟ್ಯೂಬುಗಳಲ್ಲಿ ಇಡುತ್ತೇನೆ. ಬೆಂಗಳೂರಿನ ವಿತರಕರಿಗೆ ಆರ್ಡರ್ ಕೊಡುವಾಗ ಪೆಟ್ಟಿಗೆ ಸೋಮವಾರವೇ ಹೊರಡಬೇಕೆಂದು ಬರೆದು ತಿಳಿಸುತ್ತೇನೆ. ವಾರದ ಕೊನೆಗೆ ಹೊರಟದ್ದು ಗೋದಾಮಿನಲ್ಲಿ ಭಾನುವಾರ ಕಳೆಯುವ ಸಂಭವವಿದೆ.

ಪಾಲಿಕ್ಲೋನಲ್ ಆದ್ದರಿಂದ ಲಾಟ್ (ಒಮ್ಮೆಗೆ ತಯಾರಿಸಿದ ಕಂತು) ಬದಲಾದಾಗ ಗುಣವೂ ಬದಲಾಗಬಹುದು. ಹೊಸ ಲಾಟ್ ಬಂದಾಗಲೆಲ್ಲ ಸಿಸಿಸಿಪಿ ಕೊಟ್ಟ, ಫಾಸ್ಫಟೇಸ್ ಹಾಕಿದ ಮತ್ತು ಪಿಂಕ್-1 ಇಲ್ಲದ ಕೋಶಗಳ ಹಳೆಯ ಸಾರಗಳನ್ನು ಒಂದೇ ಜೆಲ್ಲಿನಲ್ಲಿ ಓಡಿಸಿ, ಹಳೆಯ ಲಾಟಿನ ಬ್ಲಾಟ್ ಪಕ್ಕದಲ್ಲಿಟ್ಟು ನೋಡಿದ ನಂತರವೇ ಹೊಸದನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೇನೆ, ಮತ್ತು ಆ ಬ್ಲಾಟಿನ ಪೂರ್ಣ ಚಿತ್ರವನ್ನು ಅಂಚು ಕತ್ತರಿಸದೆ ಲಾಟ್ ಸಂಖ್ಯೆಯೊಡನೆ ದಾಖಲೆ ಪುಸ್ತಕಕ್ಕೆ ಅಂಟಿಸುತ್ತೇನೆ.