ಮದುವೆ ಕಾಗದಕ್ಕೆ ಬಳುಕುವ ಅಕ್ಷರ: ಮೊದಲು ಒತ್ತು ನೋಡಿ

ಫಾಂಟ್ ಚೆಂದ ಕಂಡಿತೆಂದು ಡಿಸೈನ್ ಶುರು ಮಾಡಬೇಡಿ. ಮೊದಲು ‘ಲಕ್ಷ್ಮಿ’, ‘ಮುಹೂರ್ತ’, ‘ಗೋಣಿಕೊಪ್ಪ’ ಎಂದು ಟೈಪ್ ಮಾಡಿ ನೋಡಿ. ‘ಲಕ್ಷ್ಮಿ’ಯಲ್ಲಿ ಕಕಾರಕ್ಕೆ ಷ, ಮ ಎರಡೂ ಒತ್ತು ಬರಬೇಕು. ಅಲಂಕಾರದ ಫಾಂಟುಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ: ಮಕಾರದ ಒತ್ತು ಷಕಾರದ ಮೇಲೆ ಹತ್ತಿ ಕೂರುತ್ತದೆ, ಇಲ್ಲವೇ ಒತ್ತು ಬಿಡಿಸಿಕೊಂಡು ಪಕ್ಕದಲ್ಲಿ ಪೂರ್ಣಾಕ್ಷರವಾಗಿ ನಿಲ್ಲುತ್ತದೆ. ‘ಮುಹೂರ್ತ’ದಲ್ಲಿ ಅರ್ಕಾವತ್ತು ತಕಾರಕ್ಕೆ ಅಂಟಿದಂತಿರಬೇಕು.

ಎಲ್ಲ ಫಾಂಟಿನಲ್ಲೂ ಒತ್ತು ಕೆಟ್ಟರೆ ತಪ್ಪು ಫಾಂಟಿನದಲ್ಲ, ಸಾಫ್ಟ್‌ವೇರಿನದು. ಹಳೆಯ ಫೋಟೋಶಾಪ್ ಆವೃತ್ತಿಯಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಇಲ್ಲಸ್ಟ್ರೇಟರಿನಲ್ಲಾದರೆ ಅದೇ ಜಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’. ಇಂಕ್‌ಸ್ಕೇಪ್ ಉಚಿತ, ಕನ್ನಡದ ಒತ್ತನ್ನು ತಾನೇ ಸರಿಯಾಗಿ ಜೋಡಿಸುತ್ತದೆ. ಹಳೆಯ ನುಡಿ, ಬರಹ ಆಸ್ಕಿ (ಯೂನಿಕೋಡಿಗಿಂತ ಮುಂಚಿನ ಪದ್ಧತಿಯ) ಫಾಂಟಿನಲ್ಲಿ ಬಂದ ಮ್ಯಾಟರನ್ನು ಯೂನಿಕೋಡಿಗೆ ಪರಿವರ್ತಿಸಿಯೇ ಬಳಸಿ.

ಕೊಡಗಿನ ಮದುವೆ ಕಾಗದದಲ್ಲಿ ಒಂದು ಮಗ್ಗುಲು ಇಂಗ್ಲಿಷ್ ಇರುವುದು ಮಾಮೂಲು. ಅಲ್ಲಿ ವಧೂವರರ ಹೆಸರಿಗೆ ‘ಗ್ರೇಟ್ ವೈಬ್ಸ್’ ಅಥವಾ ‘ಅಲೆಕ್ಸ್ ಬ್ರಶ್’ ಸಾಕು. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮನೆತನದ ಹೆಸರನ್ನು ಇವುಗಳಲ್ಲಿ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಹಾಕಿದರೆ ಬಳ್ಳಿಗೆ ಬಳ್ಳಿ ಸುತ್ತಿಕೊಂಡು ಮನೆಯವರಿಗೇ ಓದಲಾಗದು. ಅಕ್ಷರಗಳ ನಡುವೆ ಅಂತರವನ್ನೂ ಹೆಚ್ಚಿಸಬೇಡಿ, ಕೂಡುಗೆರೆ ತುಂಡಾಗುತ್ತದೆ. ಕನ್ನಡದ ಹೆಸರಿಗೆ ‘ಅಕಾಯ ಕನಡಕ’, ವಿವರಗಳಿಗೆ ‘ಟೈರೋ ಕನ್ನಡ’ ಹೊಂದುತ್ತವೆ.

5×7 ಇಂಚಿನ ಕಾರ್ಡಿಗೆ ಹೆಸರು 36ರಿಂದ 44 ಪಾಯಿಂಟ್, ಉಳಿದದ್ದು 12 ಪಾಯಿಂಟ್. ಸಾಲಿನ ಅಂತರ 18 ಪಾಯಿಂಟಿಗಿಂತ ಕಡಿಮೆ ಬೇಡ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಬಳುಕುವ ಫಾಂಟು ಹೆಸರಿಗಷ್ಟೇ ಇರಲಿ. ಕೊಡವ ಮದುವೆಯ ಮುಖ್ಯ ಶಾಸ್ತ್ರವಾದ ದಂಪತಿ ಮುಹೂರ್ತದ ಗಂಟೆ, ಮದುವೆ ನಡೆಯುವ ಕೊಡವ ಸಮಾಜದ ವಿಳಾಸ ಸಾದಾ ಅಕ್ಷರದಲ್ಲೇ ಇರಬೇಕು. ಅಜ್ಜಂದಿರು ಕನ್ನಡಕ ಹುಡುಕುವಂತಾಗಬಾರದು!

ಚಿನ್ನದ ಫಾಯಿಲ್ ಹಾಕಿಸುವುದಾದರೆ ಅತಿ ಸಣ್ಣ ಗೆರೆ ಕಾಲು ಮಿಲಿಮೀಟರ್, ಎಂದರೆ ಸುಮಾರು 0.7 ಪಾಯಿಂಟ್ ಇರಲಿ. ಅದಕ್ಕೂ ತೆಳುವಾದರೆ ಫಾಯಿಲ್ ಹಿಡಿಯದೆ ಅಲ್ಲಲ್ಲಿ ಕಿತ್ತುಬರುತ್ತದೆ, ತರಿ ಕಾಗದದ ಮೇಲಂತೂ ಖಂಡಿತ. ಗೆರೆ ಸಾಲದಿದ್ದರೆ ಅದೇ ಬಣ್ಣದ 0.25 ಪಾಯಿಂಟ್ ಔಟ್‌ಲೈನ್ ಕೊಡಿ.

ಪ್ರೆಸ್ಸಿಗೆ ಕಳಿಸುವ ಮುನ್ನ ಮೂಲ ಫೈಲಿನ ಒಂದು ಪ್ರತಿ ಇಟ್ಟುಕೊಂಡು, ಇನ್ನೊಂದರಲ್ಲಿ ಅಕ್ಷರವನ್ನು ಕರ್ವ್ (ಫಾಂಟ್ ಬೇಡದ ಗೆರೆಯ ಆಕಾರ) ಮಾಡಿ: ಕೋರೆಲ್‌ಡ್ರಾದಲ್ಲಿ ಕಂಟ್ರೋಲ್+ಕ್ಯೂ, ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್+ಶಿಫ್ಟ್+ಓ. ಆಮೇಲೆ ವೆಲ್ಡ್ ಅಥವಾ ಯುನೈಟ್ ಮಾಡುವುದನ್ನು, ಎಂದರೆ ಒಂದಕ್ಕೊಂದು ತಾಗಿದ ಅಕ್ಷರಗಳನ್ನು ಒಂದೇ ಆಕಾರವಾಗಿ ಬೆಸೆಯುವುದನ್ನು, ಮರೆಯಬೇಡಿ. ಮರೆತರೆ ಪ್ಲಾಟರ್ ಯಂತ್ರದಲ್ಲಿ ಅಕ್ಷರ ಕತ್ತರಿಸುವಾಗ ಒಂದಕ್ಷರದ ಬಾಲ ಇನ್ನೊಂದನ್ನು ಸೀಳುತ್ತದೆ.

ಮಡಿಕೇರಿಯ ಮಳೆಗಾಲದಲ್ಲಿ ಲೇಪನವಿಲ್ಲದ ಕಾಗದ ತೇವ ಹೀರಿ ಸುರುಳಿಯಾಗುತ್ತದೆ, ಶಾಯಿ ಒಣಗುವುದೂ ನಿಧಾನ. ಜೂನ್‌ನಿಂದ ಆಗಸ್ಟ್‌ವರೆಗೆ ಅಚ್ಚಿಗೆ ಕೊಟ್ಟರೆ ಒಣಗಲು ಎರಡು ದಿನ ಹೆಚ್ಚೇ ಇಟ್ಟುಕೊಳ್ಳಿ.