ಐಇಪಿ ಫೈಲಿನೊಳಗೇ ಉಳಿಯದಂತೆ ನಾನು ಅನುಸರಿಸುವ ಕ್ರಮ

ತಾಲ್ಲೂಕಿಗೆ ನಮ್ಮಂಥ ಬಿಐಇಆರ್‌ಟಿಗಳು, ಅಂದರೆ ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು, ಬೆರಳೆಣಿಕೆಯಷ್ಟು, ಶಾಲೆಗಳು ನೂರಾರು. ಒಂದು ಪ್ರಾಥಮಿಕ ಶಾಲೆಗೆ ಹದಿನೈದು ದಿನಕ್ಕೊಮ್ಮೆ ಹೋಗಲು ಸಾಧ್ಯವಾದರೆ ಅದೇ ಹೆಚ್ಚು. ಉಳಿದ ದಿನ ಮಗುವನ್ನು ನೋಡಿಕೊಳ್ಳುವವರು ತರಗತಿ ಶಿಕ್ಷಕರು. ಆದ್ದರಿಂದ ಅವರು ದಿನಕ್ಕೆ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಲಾಗದ ಯಾವುದನ್ನೂ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಅಂದರೆ ಐಇಪಿಯಲ್ಲಿ, ನಾನು ಬರೆಯುವುದಿಲ್ಲ. ಮೂರು ತಿಂಗಳಿಗೆ ಮೂರೇ ಗುರಿ.

‘ಓದು ಸುಧಾರಿಸಬೇಕು’ ಎಂಬುದು ಗುರಿಯಲ್ಲ, ಹಾರೈಕೆ. ‘ಆಗಸ್ಟ್ ಮುಗಿಯುವುದರೊಳಗೆ ರ, ಗ, ಸ, ದ, ಅ ಇಷ್ಟರಿಂದಲೇ ಆದ ಹತ್ತು ಪದಗಳಲ್ಲಿ ಎಂಟನ್ನು ಚಿತ್ರ ನೋಡದೆ ಓದುತ್ತಾಳೆ’ ಎಂದು ಬರೆದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳ ಕಲಿಕಾ ಪದ್ಧತಿಯಾದ ನಲಿಕಲಿಯ ಮೊದಲ ಅಕ್ಷರಗಳೇ ಇವು. ಸರ, ರಸ, ಅಗಸ, ಗರಗಸ, ದಸರ ಎಲ್ಲವೂ ಇದರಲ್ಲೇ ಸಿಗುತ್ತವೆ.

ಗುರಿ ಬರೆಯುವ ಮುನ್ನ ಇಪ್ಪತ್ತು ಅಕ್ಷರ ಕಾರ್ಡ್ ಕಲಸಿ ಮಗುವಿಗೆ ಒಂದೊಂದಾಗಿ ತೋರಿಸುತ್ತೇನೆ. ಮೂರು ಸೆಕೆಂಡಿನಲ್ಲಿ ಹೇಳದಿದ್ದರೆ ಮುಂದಿನದು. ತಪ್ಪಿದ್ದಕ್ಕೆ ಬರೀ ಗುಣಿಸು ಚಿಹ್ನೆ ಹಾಕಬಾರದು. ಯಾವುದಕ್ಕೆ ಯಾವುದನ್ನು ಹೇಳಿತು ಎಂಬುದನ್ನೇ ಬರೆದುಕೊಳ್ಳಬೇಕು. ‘ಭ’ಕ್ಕೆ ‘ಬ’ ಎಂದರೆ, ‘ಹ’ಕ್ಕೆ ‘ಅ’ ಎಂದರೆ ಗಾಬರಿಯಾಗಬೇಕಿಲ್ಲ, ಎಷ್ಟೋ ಮನೆಮಾತಿನಲ್ಲಿ ಮಹಾಪ್ರಾಣವೂ ಇಲ್ಲ, ಹಕಾರವೂ ಇಲ್ಲ. ಇದನ್ನು ಕಲಿಕಾ ನ್ಯೂನತೆ ಎಂದು ನಮೂದಿಸಿರುವ ಫೈಲುಗಳನ್ನು ನೋಡಿದಾಗ ಬೇಸರವಾಗುತ್ತದೆ. ವ, ಪ, ಷ ಅದಲು ಬದಲಾಗುವುದು ಬೇರೆ ವಿಷಯ. ಅದು ಆಕಾರದ ಗೊಂದಲ. ಅಂಥ ಅಕ್ಷರಗಳನ್ನು ಒಂದೇ ವಾರ ಕಲಿಸಬಾರದು. ಒಂದು ಗಟ್ಟಿಯಾದ ಮೇಲೆ, ಎರಡು ವಾರ ಬಿಟ್ಟು ಇನ್ನೊಂದು. ದಿನಕ್ಕೆ ಐದು ಕಾರ್ಡ್: ನಾಲ್ಕು ಗೊತ್ತಿರುವವು, ಒಂದು ಹೊಸದು. ಅವಸರಕ್ಕೆ ಬಿದ್ದು ಐದೂ ಹೊಸದನ್ನೇ ಕೊಟ್ಟರೆ ಮಗು ಎರಡನೇ ದಿನವೇ ಬಾಯಿ ಮುಚ್ಚಿಕೊಳ್ಳುತ್ತದೆ.

ಒತ್ತಕ್ಷರದ ತೊಂದರೆ ಎಷ್ಟೋ ಸಲ ಮಗುವಿನದಲ್ಲ, ಪುಟದ್ದು. ಸಾಲುಗಳು ಒತ್ತೊತ್ತಾಗಿದ್ದರೆ ಒತ್ತು ಕೆಳಗಿನ ಸಾಲಿಗೆ ಸೇರಿದಂತೆ ಕಾಣುತ್ತದೆ, ಮಗು ‘ಅಕ್ಕ’ವನ್ನು ‘ಅಕ’ ಎಂದು ಓದುತ್ತದೆ. ಒತ್ತು ಮುಗಿಯುವಲ್ಲಿ ಒಂದು ಕಾಗದದ ಪಟ್ಟಿ ಇಟ್ಟು, ಓದಿದಂತೆ ಕೆಳಗೆ ಜರುಗಿಸಿದರೆ ಸಾಕು. ಬರೆದುಕೊಡುವಾಗ ಒತ್ತನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಅರ್ಕಾವತ್ತು ಕೊನೆಗಿರಲಿ: ಅಕ್ಷರದ ನಂತರ ಬರೆದದ್ದನ್ನು ಅದಕ್ಕಿಂತ ಮೊದಲು ಓದುವ ಆ ಲೆಕ್ಕ ದೊಡ್ಡವರಿಗೇ ಎಡವಟ್ಟು.

ಶ್ರವಣಯಂತ್ರ ಹಾಕಿಕೊಂಡ ಮಗುವಿದ್ದರೆ ಪ್ರಾರ್ಥನೆ ಮುಗಿದ ಕೂಡಲೇ ಒಂದು ನಿಮಿಷದ ಪರೀಕ್ಷೆ. ಮಗುವಿನ ಬೆನ್ನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತು, ಮಾಮೂಲಿ ದನಿಯಲ್ಲಿ ಆ, ಈ, ಊ, ಮ್, ಶ್, ಸ್ ಎನ್ನಬೇಕು. ಕೇಳಿದಾಗೆಲ್ಲ ಮಗು ಒಂದು ಹುಣಸೆ ಬೀಜ ಲೋಟಕ್ಕೆ ಹಾಕುತ್ತದೆ. ತಾಳ ಹಾಕಿದಂತೆ ಸಮ ಅಂತರದಲ್ಲಿ ಹೇಳಿದರೆ ಕೇಳದಿದ್ದರೂ ಊಹಿಸಿ ಹಾಕಿಬಿಡುತ್ತದೆ, ಜೋಕೆ. ಯಾವುದೂ ಕೇಳದಿದ್ದರೆ ಮೊದಲು ಬ್ಯಾಟರಿ ಬದಲಿಸಿ. ನಿನ್ನೆ ಕೇಳಿದ ಶ್, ಸ್ ಇವತ್ತು ಕೇಳದಿದ್ದರೆ ಕಿವಿಯೊಳಗೆ ಕೂರುವ ಅಚ್ಚಿನಲ್ಲಿ ಗುಗ್ಗೆ ಅಥವಾ ನಳಿಕೆಯಲ್ಲಿ ನೀರಿನ ಹನಿ ಇದೆಯೇ ನೋಡಿ. ಕುಯ್ ಎಂದು ಸಿಳ್ಳೆ ಹೊಡೆಯುತ್ತಿದ್ದರೆ ಬಹುತೇಕ ಕಿವಿ ಬೆಳೆದು ಅಚ್ಚು ಸಡಿಲವಾಗಿದೆ. ಹೊಸ ಅಚ್ಚೇ ಬೇಕು. ಗುಂಡಿ ಬ್ಯಾಟರಿಯ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಒಮ್ಮೆ ಕಿತ್ತ ಮೇಲೆ ವಾಪಸ್ ಅಂಟಿಸಿದರೂ ಅದರ ಕಸುವು ಇಳಿಯುತ್ತಲೇ ಇರುತ್ತದೆ. ಕಳೆದುಹೋದೀತೆಂದು ತಾಯಂದಿರು ಯಂತ್ರವನ್ನು ಬೀರುವಿನಲ್ಲಿಡುವುದುಂಟು. ದಾರ ಕಟ್ಟಿ ಕಾಲರಿಗೆ ಪಿನ್ ಮಾಡಿಕೊಟ್ಟರೆ ಆ ಭಯ ಹೋಗುತ್ತದೆ. ಪಾಠದ ವೇಳೆ ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ.

ಕಾಗದಪತ್ರದ ಬಗ್ಗೆ ಒಂದೇ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ, ಕಲಿಕಾ ನ್ಯೂನತೆಯೂ ಅದರಲ್ಲಿದೆ. ಆದರೆ ಮಗುವಿಗೆ 8 ವರ್ಷ ತುಂಬುವ ಮೊದಲು ಅದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ. ಕಾರ್ಡು, ಕಾಗದದ ಪಟ್ಟಿ, ಕೆಂಪು ಪೆನ್ನು ಇವಕ್ಕೆ ಯಾವ ಪ್ರಮಾಣಪತ್ರವೂ ಬೇಡ. ಒಂದನೇ ತರಗತಿಯಲ್ಲೇ ಶುರುಮಾಡಿ.