ಭಾರತದ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿನ ಚರ್ಚಿನಲ್ಲಿ ಮದುವೆ: ನನ್ನ ಅನುಭವ

ನಾನು ಹಾಸನದ ಕಡೆಯವಳು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗನನ್ನು ಇಲ್ಲಿನದೇ ಒಂದು ಹಳೆಯ ಕಲ್ಲಿನ ಚರ್ಚಿನಲ್ಲಿ, ಚರ್ಚ್ ಆಫ್ ಇಂಗ್ಲೆಂಡ್ ಪದ್ಧತಿಯಲ್ಲಿ ಮದುವೆಯಾದೆ. ಆಮೇಲೆ ಇಲ್ಲಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: "ಅಕ್ಕಾ, ಎಷ್ಟು ಖರ್ಚಾಯ್ತು?" ಅದನ್ನೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನಾನೇ ಅವರನ್ನು ಒಂದು ಮಾತು ಕೇಳುತ್ತೇನೆ. ನಿಮ್ಮಿಬ್ಬರ ಪಾಸ್‌ಪೋರ್ಟ್ ಯಾವ ದೇಶದ್ದು?

ಯಾಕೆ ಅಂದರೆ, ಇಲ್ಲಿನವರು ಚರ್ಚಿನಲ್ಲಿ ಮದುವೆಯಾಗುವ ಮಾಮೂಲಿ ದಾರಿ ಬ್ಯಾನ್ಸ್. ನಮ್ಮ ಊರಿನ ಸಭೆಯಲ್ಲಿ ಆರಾಧನೆಯ ನಡುವೆ ಮದುವೆ ಪ್ರಕಟಣೆ ಓದುತ್ತಾರಲ್ವಾ, ಅದೇ. ಹುಡುಗ, ಹುಡುಗಿ ಇರುವ ಪ್ಯಾರಿಶ್‌ಗಳಲ್ಲಿ (ಪ್ಯಾರಿಶ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ), ಮದುವೆ ಬೇರೆ ಚರ್ಚಿನಲ್ಲಾದರೆ ಅಲ್ಲಿಯೂ, ಮದುವೆಗೆ ಮುಂಚಿನ ಮೂರು ತಿಂಗಳೊಳಗೆ ಮೂರು ಭಾನುವಾರ ಇಬ್ಬರ ಹೆಸರನ್ನೂ ಓದುತ್ತಾರೆ. ಕಾನೂನಿನ ಪ್ರಕಾರ ಏನಾದರೂ ಅಡ್ಡಿ ಇದ್ದರೆ ಹೇಳಿ ಎನ್ನುತ್ತಾರೆ. ಯಾರೂ ತಕರಾರು ಎತ್ತದಿದ್ದರೆ ಆಯಿತು. ಆದರೆ 2015ರ ಮಾರ್ಚ್‌ನಿಂದ ಈ ದಾರಿ ನಮ್ಮಂಥವರಿಗೆ ಇಲ್ಲ. ಇಬ್ಬರಲ್ಲಿ ಒಬ್ಬರದು ಭಾರತದ ಪಾಸ್‌ಪೋರ್ಟ್ ಆಗಿದ್ದರೂ ಸಾಕು, ಬ್ಯಾನ್ಸ್ ಓದಿ ಮದುವೆ ಮಾಡಿಸುವಂತಿಲ್ಲ. ಬ್ಯಾನ್ಸ್ ಬದಲಿಗೆ ಬಿಷಪ್ ಕಡೆಯಿಂದ ಸಿಗುವ ಮದುವೆಯ ಅನುಮತಿ, ಕಾಮನ್ ಲೈಸೆನ್ಸ್ ಕೂಡ ನಡೆಯುವುದಿಲ್ಲ. ಐಎಲ್‌ಆರ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಸಿಕ್ಕಿದೆ, ಇಲ್ಲೇ ಕಾಯಂ ಇದ್ದೇವೆ ಅಂದರೂ ಅಷ್ಟೇ. ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್.

ನಮಗಿರುವ ದಾರಿ ಸರ್ಕಾರದ ಮದುವೆ ನೋಂದಣಿ ಕಚೇರಿಯಾದ ರಿಜಿಸ್ಟರ್ ಆಫೀಸಿನದು. ಇಬ್ಬರೂ ಜೊತೆಯಲ್ಲಿ ಹೋಗಿ ಮದುವೆಯ ನೋಟಿಸ್ ಕೊಡಬೇಕು. ಆ ಜಿಲ್ಲೆಯಲ್ಲಿ ಕನಿಷ್ಠ ಏಳು ದಿನ ವಾಸ ಇರಬೇಕು. ನೋಟಿಸ್ 28 ದಿನ ಎಲ್ಲರಿಗೂ ಕಾಣುವಂತೆ ಇರುತ್ತದೆ. ವೀಸಾ ಮೇಲಿರುವವರ ವಿವರ ವಲಸೆ ವಿಷಯ ನೋಡಿಕೊಳ್ಳುವ ಹೋಮ್ ಆಫೀಸಿಗೂ ಹೋಗುತ್ತದೆ. ಅವರಿಗೆ ಮದುವೆ ನಿಜವಾದದ್ದೋ ಅಲ್ಲವೋ ಅಂತ ಅನುಮಾನ ಬಂದರೆ ಆ 28 ದಿನವನ್ನು 70 ದಿನಕ್ಕೆ ಏರಿಸಬಹುದು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, 28 ಅಂತ ಲೆಕ್ಕ ಹಾಕಬೇಡಿ, 70 ಅಂತಲೇ ಹಾಕಿ. ಊರಿನಿಂದ ಅಪ್ಪ ಅಮ್ಮ ಬರಬೇಕು, ಅವರಿಗೆ ವೀಸಾ ಆಗಬೇಕು, ವಿಮಾನದ ಟಿಕೆಟ್ ತೆಗೆಯಬೇಕು. ತಾರೀಖು ಅಲ್ಲಾಡಿದರೆ ಎಲ್ಲವೂ ಅಲ್ಲಾಡುತ್ತದೆ. ನೋಟಿಸ್ ಕೊಟ್ಟ ದಿನದಿಂದ ಒಂದು ವರ್ಷ ಅದು ಚಾಲ್ತಿಯಲ್ಲಿ ಇರುತ್ತದೆ, ಹಾಗಾಗಿ ಬೇಗ ಕೊಟ್ಟರೆ ನಷ್ಟವೇನಿಲ್ಲ. ಒಂದೇ ಮಾತು, ಚರ್ಚ್ ಯಾವುದು ಅಂತ ಮೊದಲೇ ಗಟ್ಟಿಯಾಗಿರಬೇಕು. ನೋಟಿಸ್‌ನಲ್ಲಿ ಆ ಚರ್ಚಿನ ಹೆಸರು ಬರುತ್ತದೆ. ಚರ್ಚ್ ಬದಲಾಯಿಸಿದರೆ ಮತ್ತೆ ಹೊಸ ನೋಟಿಸ್, ಮತ್ತೆ ಹೊಸ ಫೀಸ್.

ವೀಸಾದ ಬಗ್ಗೆ ಇನ್ನೊಂದು ಮಾತು. ಮದುವೆಗೆಂದೇ ಊರಿನಿಂದ ಬರುವ ಹುಡುಗ ಅಥವಾ ಹುಡುಗಿ ಮಾಮೂಲಿ ವಿಸಿಟರ್ ವೀಸಾದಲ್ಲಿ ಬಂದು ಮದುವೆಯಾಗುವ ಹಾಗಿಲ್ಲ. ಮದುವೆಯಾಗಿ ವಾಪಸ್ ಹೋಗುವವರಿಗೆ ಮ್ಯಾರೇಜ್ ವಿಸಿಟರ್ ವೀಸಾ ಅಂತ ಬೇರೆ ಇದೆ. ಇಲ್ಲೇ ಉಳಿಯುವವರಿಗೆ ಫಿಯಾನ್ಸೆ ವೀಸಾ.

ರಿಜಿಸ್ಟರ್ ಆಫೀಸಿಗೆ ಪಾಸ್‌ಪೋರ್ಟ್, ವೀಸಾ ವಿವರ, ವಿಳಾಸದ ದಾಖಲೆ, ಇಬ್ಬರ ಫೋಟೋ ತೆಗೆದುಕೊಂಡು ಹೋದೆವು. ಹಿಂದೆ ಮದುವೆಯಾಗಿ ಡಿವೋರ್ಸ್ ಆಗಿದ್ದರೆ ಅದರ ಕಾಗದವೂ ಬೇಕು. ಕನ್ನಡದಲ್ಲಿರುವ ಯಾವ ದಾಖಲೆಯಾದರೂ ಇಂಗ್ಲಿಷಿಗೆ ಅನುವಾದ ಮಾಡಿಸಿ ಒಯ್ಯಬೇಕು. ಅಲ್ಲಿನ ಅಧಿಕಾರಿ ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿದರು. ಅವನ ಪೂರ್ತಿ ಹೆಸರೇನು, ಹುಟ್ಟಿದ ದಿನ ಯಾವುದು, ಏನು ಕೆಲಸ. ಹೆದರುವಂಥದ್ದೇನೂ ಅಲ್ಲ. ನನ್ನ ಹೆಸರಿನ ಹತ್ತಿರ ಮಾತ್ರ ಅವರ ಪೆನ್ನು ನಿಂತಿತು. ನಮ್ಮ ಕಡೆ ಎಷ್ಟೋ ಜನರ ಹಾಗೆ ನನಗೂ ಸರ್‌ನೇಮ್ ಅಂತ ಇಲ್ಲ. ಇರುವುದು ಅಪ್ಪನ ಹೆಸರಿನ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಆ ಜಾಗ ಖಾಲಿ. ಬ್ಯಾಂಕಿನಲ್ಲಿ ಒಂದು ರೀತಿ, ಆಸ್ಪತ್ರೆಯ ಗುರುತಿನ ಚೀಟಿಯಲ್ಲಿ ಇನ್ನೊಂದು ರೀತಿ. ಅವರು ತಾಳ್ಮೆಯಿಂದ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಬರೆದುಕೊಂಡರು. ನಿಮಗೂ ಹೀಗಿದ್ದರೆ ಬ್ಯಾಂಕಿನ ಹೆಸರನ್ನು ಮೊದಲೇ ಪಾಸ್‌ಪೋರ್ಟ್‌ಗೆ ಹೊಂದಿಸಿಕೊಂಡು ಹೋಗಿ. ಎಷ್ಟೋ ಮಾತು ಉಳಿಯುತ್ತದೆ.

ನೋಟಿಸ್ ಅವಧಿ ಮುಗಿದ ಮೇಲೆ ಮದುವೆಗೆ ಅಡ್ಡಿಯಿಲ್ಲ ಅಂತ ರಿಜಿಸ್ಟರ್ ಆಫೀಸಿನಿಂದ ಸರ್ಟಿಫಿಕೇಟುಗಳು ಸಿಗುತ್ತವೆ, ಒಬ್ಬೊಬ್ಬರಿಗೆ ಒಂದೊಂದು. ಅವನ್ನು ಆ ಚರ್ಚಿನ ಪಾದ್ರಿಯಾದ ವಿಕರ್ ಕೈಗೆ ಕೊಡಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಬ್ಯಾನ್ಸ್ ದಾರಿಯಲ್ಲಿ ಹೋಗುವ ಪ್ಯಾರಿಶ್‌ನವರಿಗೆ ತಮ್ಮ ಚರ್ಚಿನಲ್ಲಿ ಮದುವೆಯಾಗುವುದು ಹಕ್ಕು. ರಿಜಿಸ್ಟರ್ ಆಫೀಸಿನ ಸರ್ಟಿಫಿಕೇಟ್ ಹಿಡಿದು ಬರುವವರಿಗೆ ವಿಕರ್ ಒಪ್ಪಿಗೆಯೂ ಬೇಕು. ಆದ್ದರಿಂದ ಮೊದಲು ವಿಕರ್ ಹತ್ತಿರ ಹೋಗಿ ಮಾತಾಡಿ, ಆಮೇಲೆ ನೋಟಿಸ್. ಆ ಪ್ಯಾರಿಶ್‌ನಲ್ಲಿ ನೀವು ವಾಸ ಇಲ್ಲದಿದ್ದರೂ ವಿಕರ್ ಹತ್ತಿರ ಕೇಳಿ ನೋಡಿ. 2008ರ ಕಾಯ್ದೆಯೊಂದು ಬಾಗಿಲನ್ನು ದೊಡ್ಡದು ಮಾಡಿದೆ. ಅಲ್ಲಿ ದೀಕ್ಷಾಸ್ನಾನ ಆಗಿದ್ದರೆ, ಹಿಂದೆ ಯಾವಾಗಲಾದರೂ ಆರು ತಿಂಗಳು ಅಲ್ಲಿ ವಾಸವಿದ್ದರೆ, ಆರು ತಿಂಗಳು ತಪ್ಪದೆ ಆರಾಧನೆಗೆ ಹೋಗಿದ್ದರೆ, ಅಪ್ಪ ಅಮ್ಮನ ಅಥವಾ ಅಜ್ಜ ಅಜ್ಜಿಯ ಮದುವೆ ಅಲ್ಲಿ ಆಗಿದ್ದರೆ, ಆ ಚರ್ಚಿನ ಜೊತೆ ನಂಟಿದೆ ಅಂತ ಲೆಕ್ಕ. ನಮ್ಮದು ನನ್ನ ಗಂಡನ ಅಜ್ಜ ಅಜ್ಜಿ ಮದುವೆಯಾದ ಚರ್ಚು.

ನಮ್ಮ ವಿಕರ್ ತುಂಬಾ ಒಳ್ಳೆಯವರು. ನನ್ನ ಅಮ್ಮ ಫೋನಿನಲ್ಲಿ ಅವರನ್ನು "ಅಯ್ಯನವರು" ಅಂತಲೇ ಕರೆಯುತ್ತಿದ್ದರು. ಬ್ಯಾನ್ಸ್ ಓದುವಂತಿಲ್ಲ ಅಂತ ನನಗೆ ಬೇಜಾರಾಗಿತ್ತು. ಎಲ್ಲರ ಹೆಸರೂ ಸಭೆಯ ಮುಂದೆ ಬರುತ್ತದೆ, ನನ್ನದು ಮಾತ್ರ ಇಲ್ಲ ಅನ್ನಿಸಿತ್ತು. ಅದನ್ನು ಅವರೇ ಗಮನಿಸಿ, ಭಾನುವಾರದ ಪ್ರಾರ್ಥನೆಯಲ್ಲಿ ನಮ್ಮಿಬ್ಬರ ಹೆಸರು ಹೇಳಿ ಪ್ರಾರ್ಥಿಸಿದರು. ಅದು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಅದು ದೊಡ್ಡದೇ.

ಈಗ ದುಡ್ಡಿನ ವಿಷಯ. ರಿಜಿಸ್ಟರ್ ಆಫೀಸಿನ ನೋಟಿಸ್‌ಗೆ ಇಲ್ಲಿನವರಿಬ್ಬರೇ ಆದರೆ ತಲೆಗೆ 42 ಪೌಂಡ್. ನಮ್ಮ ಹಾಗೆ ಒಬ್ಬರು ವೀಸಾ ಮೇಲಿದ್ದರೆ ಇಬ್ಬರಿಗೂ ತಲಾ 57. ಚರ್ಚಿನ ಮದುವೆ ಸೇವೆಯ ಶುಲ್ಕ ಇಡೀ ಇಂಗ್ಲೆಂಡಿಗೆ ಒಂದೇ, ಕಾನೂನಿನಿಂದ ನಿಗದಿಯಾದದ್ದು. ಈಚಿನ ವರ್ಷಗಳಲ್ಲಿ ಅದು ಐನೂರು ಪೌಂಡಿನ ಆಚೆಗಿದೆ. ಪ್ರತಿ ಜನವರಿಗೆ ಬದಲಾಗುತ್ತದೆ. ನೀವು ಬುಕ್ ಮಾಡಿದ ವರ್ಷದ ದರ ಅಲ್ಲ, ಮದುವೆಯಾಗುವ ವರ್ಷದ ದರ ಕಟ್ಟಬೇಕು. ನಮಗೆ ಬ್ಯಾನ್ಸ್ ಇಲ್ಲವಾದ್ದರಿಂದ ಅದರ ಶುಲ್ಕ ಉಳಿಯಿತು. ಈ ದುಡ್ಡು ವಿಕರ್ ಜೇಬಿಗೆ ಹೋಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಬಿಷಪ್ ಆಡಳಿತದ ಡಯೋಸಿಸ್‌ಗೂ ಆ ಚರ್ಚಿನ ಕಮಿಟಿಗೂ ಹಂಚಿಹೋಗುತ್ತದೆ. ನಿಜಕ್ಕೂ ಕಷ್ಟದಲ್ಲಿದ್ದರೆ ಮುಚ್ಚಿಡದೆ ವಿಕರ್‌ಗೆ ಹೇಳಿ. ಶುಲ್ಕ ಮಾಫಿ ಮಾಡುವ ಅಧಿಕಾರ ಅವರಿಗಿದೆ.

ಕಾನೂನು ಕೇಳುವ ದುಡ್ಡು ಇಷ್ಟೇ. ಉಳಿದದ್ದೆಲ್ಲ ನಮ್ಮ ಆಸೆ. ಆರ್ಗನ್ ನುಡಿಸುವವರು, ಕಾಯಿರ್ ಅನ್ನುವ ಹಾಡುವ ತಂಡ, ಹೂವು, ಗಂಟೆ ಹೊಡೆಯುವವರು, ಹೀಟಿಂಗ್. ವಿಡಿಯೋ ಮಾಡಿಸಿದರೆ ಆರ್ಗನ್‌ನವರು ಜಾಸ್ತಿ ಕೇಳುವುದು ಇಲ್ಲಿ ರೂಢಿ. ನಾವು ಆರ್ಗನ್ ಮತ್ತು ಗಂಟೆ ಇಟ್ಟುಕೊಂಡು ಕಾಯಿರ್ ಬಿಟ್ಟೆವು. ಹೀಟಿಂಗ್ ಮಾತ್ರ ಬಿಡಬೇಡಿ. ಕಲ್ಲಿನ ಚರ್ಚು ಏಪ್ರಿಲ್‌ನಲ್ಲೂ ಐಸ್ ಪೆಟ್ಟಿಗೆ. ಊರಿನಿಂದ ಬಂದ ವಯಸ್ಸಾದವರು ರೇಷ್ಮೆ ಸೀರೆ, ಪಂಚೆಯಲ್ಲಿ ಅಲ್ಲಿ ಒಂದು ಗಂಟೆ ಕೂರುತ್ತಾರೆ. ಲೆಕ್ಕದ ಹಾಳೆಯನ್ನು ವಿಕರ್ ಕೊಟ್ಟಾಗ, ಇದರಲ್ಲಿ ಕಡ್ಡಾಯ ಯಾವುದು, ಬೇಕಾದರೆ ಮಾತ್ರ ಯಾವುದು ಅಂತ ನೇರವಾಗಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಮದುವೆ ಬೆಳಿಗ್ಗೆ 8ರಿಂದ ಸಂಜೆ 6ರೊಳಗೆ ಆಗಬೇಕು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಪ್ರತಿಜ್ಞೆಯ ಮಾತುಗಳು ಚರ್ಚ್ ಒಪ್ಪಿದ ಪಾಠದಲ್ಲಿರುವ ಹಾಗೇ ಇರಬೇಕು. ಅದರಾಚೆ ಜಾಗ ಇದೆ. ಅಪ್ಪ ಕನ್ನಡ ಬೈಬಲಿನಿಂದ ಪಾಠ ಓದಿದರು, ಅದರ ಇಂಗ್ಲಿಷ್ ಹಾಳೆಯಲ್ಲಿ ಅಚ್ಚಾಗಿತ್ತು. ಉಂಗುರ ಆದ ಮೇಲೆ, ನಮ್ಮ ಸಭೆಗಳಲ್ಲಿ ಕಟ್ಟುವ ಹಾಗೆ, ಶಿಲುಬೆ ಇರುವ ತಾಳಿ ಕಟ್ಟಲು ವಿಕರ್ ಒಪ್ಪಿದರು. ಇದನ್ನೆಲ್ಲ ತಿಂಗಳುಗಳ ಮೊದಲೇ ಕೇಳಿ ಇಟ್ಟುಕೊಂಡಿದ್ದೆವು.

ಕೊನೆಯಲ್ಲಿ ಸಹಿ. 2021ರ ಮೇ 4ರಿಂದ ಚರ್ಚಿನ ದಪ್ಪ ರಿಜಿಸ್ಟರ್ ಪುಸ್ತಕಕ್ಕೆ ಸಹಿ ಹಾಕುವ ಪದ್ಧತಿ ಹೋಯಿತು. ಈಗ ಮ್ಯಾರೇಜ್ ಡಾಕ್ಯುಮೆಂಟ್ ಅಂತ ಒಂದು ಹಾಳೆ. ಅದೇ ದಿನದಿಂದ ತಾಯಂದಿರ ಹೆಸರೂ ಅದರಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಅಪ್ಪಂದಿರದ್ದು ಮಾತ್ರ ಇತ್ತು. ಸಹಿಗೆ ಮೊದಲು ಅಮ್ಮನನ್ನು ಮೇಜಿನ ಹತ್ತಿರ ಕರೆದು ತೋರಿಸಿದೆ. ಅವರ ಪೂರ್ತಿ ಹೆಸರು, ಮುಂದೆ ಉದ್ಯೋಗ: ನಿವೃತ್ತ ಶಿಕ್ಷಕಿ. ಅಮ್ಮ ಕನ್ನಡಕ ಹಾಕಿಕೊಂಡು ಸ್ಪೆಲಿಂಗ್ ಒಂದೊಂದೇ ಅಕ್ಷರ ಓದಿ, ಸರಿ ಇದೆ ಅಂದರು. ನೀವೂ ಹಾಗೇ ಓದಿಸಿ. ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಆ ಹಾಳೆ 21 ದಿನದೊಳಗೆ ರಿಜಿಸ್ಟರ್ ಆಫೀಸಿಗೆ ತಲುಪಬೇಕು. ಅಲ್ಲಿ ಕಂಪ್ಯೂಟರಿಗೆ ಏರಿಸಿದ ಮೇಲೆಯೇ ಮದುವೆ ಸರ್ಟಿಫಿಕೇಟ್ ಸಿಗುವುದು, ಪ್ರತಿ ಒಂದಕ್ಕೆ 12.50 ಪೌಂಡ್. ಮದುವೆಯ ದಿನ ಕೈಗೆ ಸಿಗುವುದಿಲ್ಲ, ಹಾಗಾಗಿ ಅದನ್ನು ನಂಬಿಕೊಂಡು ಮರುವಾರವೇ ವೀಸಾ ಅರ್ಜಿ ಹಾಕುವ ಯೋಚನೆ ಬೇಡ. ಎರಡು ಮೂರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ಒಂದಕ್ಕೆ ಇಲ್ಲಿನ ಸರ್ಕಾರದಿಂದ ಅಪೊಸ್ಟಿಲ್, ಅಂದರೆ ಬೇರೆ ದೇಶದವರು ಒಪ್ಪುವ ದೃಢೀಕರಣ, ಮಾಡಿಸಿಡಿ. ಭಾರತದ ಪಾಸ್‌ಪೋರ್ಟ್‌ಗೆ ಗಂಡನ ಹೆಸರು ಸೇರಿಸುವಾಗ, ಊರಿನ ಬ್ಯಾಂಕು ಜಮೀನಿನ ಕೆಲಸಕ್ಕೆ ಹೋದಾಗ ಕೇಳುವುದು ಅದನ್ನೇ.